ಬಟ್ಟೆ ಮಾಡಿದವರನ್ನು ಮರೆಯದ ಕಮಲಾದೇವಿ

ನನ್ನ ಅಬ್ಬಾ ಆಂಧ್ರದಲ್ಲಿ ಬಟ್ಟೆ ವ್ಯಾಪಾರ ಮಾಡುತ್ತಾರೆ. ಭಟ್ಕಳದ ಎಷ್ಟೋ ಮನೆಗಳಂತೆ ನಮ್ಮ ಮನೆಯ ಅನ್ನವೂ ಬಟ್ಟೆಯಿಂದಲೇ ಬಂದದ್ದು. ಕಳೆದ ರಜೆಯಲ್ಲಿ ಅವರು ಒಂದು ಕಲಂಕಾರಿ ದುಪಟ್ಟಾ ತಂದರು. ಇದನ್ನು ಮಾಡಿದವರು ಯಾರು ಎಂದು ಕೇಳಿದೆ. ಬೆಲೆ, ಅಳತೆ ಎಲ್ಲ ಅವರಿಗೆ ಗೊತ್ತಿತ್ತು. ಮಾಡಿದವರ ಹೆಸರು ಮಾತ್ರ ಗೊತ್ತಿರಲಿಲ್ಲ. ಉತ್ತರ ಹುಡುಕುತ್ತಾ ಹೋದಾಗ ನನಗೆ ಪರಿಚಯವಾದವರು ಕಮಲಾದೇವಿ ಚಟ್ಟೋಪಾಧ್ಯಾಯ.

ಹೆಸರು ಬಂಗಾಳದ್ದಾದರೂ ಅವರು ನಮ್ಮ ಕರಾವಳಿಯವರು. 1903ರ ಏಪ್ರಿಲ್ 3ರಂದು ಮಂಗಳೂರಿನ ಚಿತ್ರಾಪುರ ಸಾರಸ್ವತ ಕುಟುಂಬದಲ್ಲಿ ಹುಟ್ಟಿದರು. ಆ ಸಮಾಜದ ಮಠ ಇರುವುದು ನಮ್ಮ ತಾಲ್ಲೂಕಿನ ಶಿರಾಲಿಯಲ್ಲಿ. ತಂದೆ ಅನಂತಯ್ಯ ಧಾರೇಶ್ವರ. ಕುಮಟಾ ಹತ್ತಿರದ ಊರಿನ ಹೆಸರೇ ಆ ಮನೆತನದ ಹೆಸರು.

ಕಮಲಾದೇವಿ ಏಳು ವರ್ಷದವರಿದ್ದಾಗ ತಂದೆ ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಅಂದಿನ ಕಾನೂನಿನಂತೆ ಆಸ್ತಿ ತಾಯಿ ಗಿರಿಜಾಬಾಯಿಗೂ ಮಗಳಿಗೂ ಸಿಗಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಮದುವೆಯಾಗಿ, ಎರಡೇ ವರ್ಷದಲ್ಲಿ ಅವರು ವಿಧವೆಯಾದರು. ಆದರೂ ಓದು ಬಿಡಲಿಲ್ಲ. ಮದರಾಸಿನಲ್ಲಿ ಕಲಿಯುವಾಗ ಸರೋಜಿನಿ ನಾಯ್ಡು ಅವರ ತಮ್ಮ ಹರೀಂದ್ರನಾಥರನ್ನು ಕಂಡು, ವಿರೋಧವನ್ನು ಲೆಕ್ಕಿಸದೆ ಮರುಮದುವೆಯಾದರು. 1926ರಲ್ಲಿ ಮದರಾಸು ವಿಧಾನ ಪರಿಷತ್ತಿಗೆ ಸ್ಪರ್ಧಿಸಿ ಅಲ್ಪ ಮತಗಳಿಂದ ಸೋತರು. 1930ರಲ್ಲಿ ಮುಂಬಯಿಯಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿ ಜೈಲಿಗೆ ಹೋದರು.

ಸ್ವಾತಂತ್ರ್ಯ ಬಂದ ಮೇಲೆ ಅವರು ಅಧಿಕಾರ ಬಯಸದೆ ಕುಶಲಕರ್ಮಿಗಳ ಕಡೆ ಹೊರಟರು. ಅದರ ಅಗತ್ಯ ಏನಿತ್ತು ಎಂಬುದು ನಮ್ಮ ಜಿಲ್ಲೆಯ ಇತಿಹಾಸದಿಂದಲೇ ತಿಳಿಯುತ್ತದೆ. 19ನೇ ಶತಮಾನದಲ್ಲಿ ಧಾರವಾಡದ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬಯಿಗೆ, ಅಲ್ಲಿಂದ ಇಂಗ್ಲೆಂಡಿಗೆ ಹೋಗುತ್ತಿತ್ತು. ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು. ಹತ್ತಿ ಹೋಯಿತು, ಗಿರಣಿ ಬಟ್ಟೆ ಬಂತು. ದೇಶದ ಲಕ್ಷಾಂತರ ನೇಕಾರರ ಮಗ್ಗ ನಿಂತಿತು.

1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಮುಖ್ಯಸ್ಥೆಯಾದ ಕಮಲಾದೇವಿ ಹಳ್ಳಿ ಹಳ್ಳಿ ಸುತ್ತಿದರು. ಹಳೆಯ ಕಲೆಗಾರರನ್ನು ಹುಡುಕಿ, ಅವರಿಂದಲೇ ಎಳೆಯರಿಗೆ ಕಲಿಸುವ ವ್ಯವಸ್ಥೆ ಮಾಡಿದರು. ಮಾರಾಟಕ್ಕೆ ಮಳಿಗೆ, ಉತ್ತಮ ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ ಬಂದವು. ಅಳಿವಿನಂಚಿನಲ್ಲಿದ್ದ ಶ್ರೀಕಾಳಹಸ್ತಿಯ ಕಲಂಕಾರಿಗೆ ಮಂಡಳಿಯ ತರಬೇತಿ ಕೇಂದ್ರ ಮರುಜೀವ ಕೊಟ್ಟಿತು.

ಕಲಂಕಾರಿಯ ಕೆಲಸ ತಿಳಿದು ನನಗೆ ಅಚ್ಚರಿಯಾಯಿತು. ಬಟ್ಟೆಯನ್ನು ಹಾಲು ಮತ್ತು ಅಳಲೆಕಾಯಿಯ ರಸದಲ್ಲಿ ಅದ್ದಿ ಒಣಗಿಸುತ್ತಾರೆ, ಆಗ ಬಣ್ಣ ಹರಡುವುದಿಲ್ಲ. ಆ ಅಳಲೆ ನಮ್ಮ ಕಾಡುಗಳಲ್ಲೂ ಬೆಳೆಯುತ್ತದೆ. ಕಬ್ಬಿಣದ ಚೂರು, ಬೆಲ್ಲ ಕೊಳೆಸಿ ಕಪ್ಪು ಮಸಿ ಮಾಡುತ್ತಾರೆ. ಬಿದಿರಿನ ಲೇಖನಿಯಿಂದ ಒಂದೊಂದೇ ಗೆರೆ ಬರೆಯುತ್ತಾರೆ. ಕಲಮ್ ಎಂದರೆ ಲೇಖನಿ ಎಂದು ನಮಗೆಲ್ಲ ಗೊತ್ತು. ಕಲೆಯ ಹೆಸರು ಫಾರಸಿ, ಕಾಳಹಸ್ತಿಯಲ್ಲಿ ಬರೆಯುವ ಕಥೆಗಳು ರಾಮಾಯಣ, ಮಹಾಭಾರತದವು. ಒಂದೇ ಬಟ್ಟೆಯಲ್ಲಿ ಎರಡೂ ಜಗಳವಿಲ್ಲದೆ ಕೂಡಿವೆ.

ಕಮಲಾದೇವಿಯವರಿಗೆ 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಬಂದವು. 1988ರ ಅಕ್ಟೋಬರ್ 29ರಂದು ಅವರು ತೀರಿಕೊಂಡರು. ಆಸ್ತಿಯಲ್ಲಿ ಪಾಲು ಸಿಗದ ಹುಡುಗಿಯೊಬ್ಬಳು ದೇಶದ ಬಹುದೊಡ್ಡ ಆಸ್ತಿಯನ್ನು ಉಳಿಸಿಕೊಟ್ಟಳು ಎಂದು ನನಗೆ ಅನ್ನಿಸುತ್ತದೆ.

ಪರಂಪರೆ ಉಳಿಯಬೇಕಾದರೆ ಮೊದಲು ಅದನ್ನು ಮಾಡುವವರ ಹೊಟ್ಟೆ ತುಂಬಬೇಕು, ಅವರಿಗೆ ಹೆಸರೂ ಸಿಗಬೇಕು. ಮುಂದಿನ ಸಲ ಸರಕು ತರುವಾಗ ಮಾಡಿದವರ ಹೆಸರು ಕೇಳಿಕೊಂಡು ಬನ್ನಿ ಎಂದು ಅಬ್ಬಾಗೆ ಹೇಳಿದ್ದೇನೆ. ಗೆಳತಿಯರೇ, ಬಟ್ಟೆ ಕೊಳ್ಳುವಾಗ ನೀವೂ ಒಮ್ಮೆ ಕೇಳಿ.