ಬಿದನೂರಿನ ರಾಣಿ ವೀರಮ್ಮಾಜಿ: ತೀರ್ಪು ಕಾಣದ ಒಂದು ಕೊಲೆ ಆರೋಪ

ಕೆಳದಿ ಅರಸರ ಕೊನೆಯ ರಾಜಧಾನಿ ಬಿದನೂರು. ಇಂದು ಅದು ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರ ಎಂಬ ಪುಟ್ಟ ಊರು. ಅಲ್ಲಿನ ಕೋಟೆಯನ್ನೂ ದೇವಗಂಗೆಯ ಕೊಳಗಳನ್ನೂ ನೋಡಲು ಬರುವ ಪ್ರವಾಸಿಗರಿಗೆ ಈ ಅರಮನೆಯನ್ನು ಕೊನೆಯದಾಗಿ ಆಳಿದ ರಾಣಿಯ ಹೆಸರು ನೆನಪಿರುವುದು ಅಪರೂಪ. ನೆನಪಿರುವವರಿಗೂ ಆಕೆಯ ಹೆಸರಿನೊಡನೆ ಅಂಟಿಕೊಂಡೇ ಬರುವುದು ಒಂದು ಕೊಲೆಯ ಕಥೆ. ದತ್ತುಮಗನನ್ನು ಕೊಲ್ಲಿಸಿದ ರಾಣಿ ಎಂಬ ಅಪವಾದ ವೀರಮ್ಮಾಜಿಯನ್ನು ಎರಡೂವರೆ ಶತಮಾನಗಳಿಂದ ಬೆನ್ನು ಬಿಟ್ಟಿಲ್ಲ.

ಆದರೆ ಆ ಕೊಲೆ ನಡೆದದ್ದು ನಿಜವೇ? ನಡೆದಿದ್ದರೆ, ಸತ್ತನೆನ್ನಲಾದ ಯುವಕ ಆರೇಳು ವರ್ಷಗಳ ಬಳಿಕ ಹೈದರ್ ಅಲಿಯ ಮುಂದೆ ಜೀವಂತವಾಗಿ ನಿಂತದ್ದು ಹೇಗೆ? ಕನ್ನಡ ನಾಡಿನ ನಕ್ಷೆಯನ್ನೇ ಬದಲಿಸಿದ ಈ ಪ್ರಕರಣವನ್ನು ಯಾವ ನ್ಯಾಯಪೀಠವೂ ತೂಗಿ ನೋಡಲಿಲ್ಲ.

ವಿಧವೆಯ ಕೈಗೆ ಬಂದ ರಾಜ್ಯ

ಕೆಳದಿ ಸಂಸ್ಥಾನದ ಆಳ್ವಿಕೆ 1499ರಿಂದ 1763ರವರೆಗೆ ನಡೆಯಿತು. ಕೆಳದಿ, ಇಕ್ಕೇರಿ, ಬಿದನೂರು ಎಂದು ರಾಜಧಾನಿ ಬದಲಾದಂತೆ ರಾಜ್ಯವೂ ಹಿಗ್ಗಿತು. ಮಂಗಳೂರು, ಹೊನ್ನಾವರ ಮುಂತಾದ ಬಂದರುಗಳಿಂದ ಹಡಗೇರುತ್ತಿದ್ದ ಅಕ್ಕಿ ಮತ್ತು ಮೆಣಸು ಬೊಕ್ಕಸವನ್ನು ತುಂಬುತ್ತಿದ್ದವು.

ಎರಡನೇ ಬಸವಪ್ಪ ನಾಯಕನ ಪತ್ನಿ ವೀರಮ್ಮಾಜಿ. ದಂಪತಿಗೆ ಮಕ್ಕಳಿರಲಿಲ್ಲ. ಬಸವಪ್ಪ ನಾಯಕನು ಚೆನ್ನಬಸಪ್ಪನೆಂಬ ಹುಡುಗನನ್ನು ದತ್ತು ಪಡೆದಿದ್ದನು. 1750ರ ದಶಕದ ನಡುವಿನಲ್ಲಿ ಅರಸನು ತೀರಿಕೊಂಡಾಗ ಹದಿಹರೆಯದ ಚೆನ್ನಬಸಪ್ಪ ನಾಯಕನಿಗೆ ಪಟ್ಟವಾಯಿತು, ಆಡಳಿತದ ಸೂತ್ರ ರಾಣಿಯ ಕೈಯಲ್ಲಿ ಉಳಿಯಿತು.

ಹೆಣ್ಣು ರಾಜ್ಯವಾಳುವುದು ಕೆಳದಿಗೆ ಹೊಸತೇನೂ ಆಗಿರಲಿಲ್ಲ. 1671ರಲ್ಲಿ ಆಡಳಿತ ವಹಿಸಿಕೊಂಡ ಚೆನ್ನಮ್ಮಾಜಿಯೂ ವಿಧವೆ, ಆಕೆಯೂ ದತ್ತುಪುತ್ರನನ್ನು ಪಡೆದವಳು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ನೀಡಿ ಔರಂಗಜೇಬನ ಸೇನೆಯನ್ನು ಎದುರಿಸಿದ ಕೀರ್ತಿ ಆಕೆಯದು. ಚೆನ್ನಮ್ಮನ ಭಾಗ್ಯ ವೀರಮ್ಮಾಜಿಗೆ ಒದಗಲಿಲ್ಲ. 1757ರಲ್ಲಿ ಚೆನ್ನಬಸಪ್ಪ ನಾಯಕನು ಅರಮನೆಯಿಂದ ಕಣ್ಮರೆಯಾದನು. ರಾಣಿಯು ತನ್ನ ಬಂಧುವರ್ಗದ ಬಾಲಕ ಸೋಮಶೇಖರನನ್ನು ದತ್ತು ಪಡೆದು, ಅವನ ಹೆಸರಿನಲ್ಲಿ ಆಳತೊಡಗಿದಳು.

ಸ್ನಾನದ ಮನೆಯ ಕಥೆ

ಆರೋಪದ ಪ್ರಸಿದ್ಧ ರೂಪವನ್ನು ದಾಖಲಿಸಿದವನು ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್. ದಕ್ಷಿಣ ಭಾರತದ ಇತಿಹಾಸ ಕುರಿತ ಅವನ ಗ್ರಂಥ ಪ್ರಕಟವಾದದ್ದು 1810ರಿಂದ 1817ರ ನಡುವೆ. ಮುಂದೆ ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಕೂಡ ಈ ಕಥೆಗೆ ಜಾಗ ನೀಡಿತು. ಅದರ ಸಾರ ಇಷ್ಟು: ರಾಣಿಗೆ ನಿಂಬಯ್ಯನೆಂಬ ಆಪ್ತನೊಡನೆ ಇದ್ದ ಸಂಬಂಧವನ್ನು ಯುವ ಅರಸನು ಆಕ್ಷೇಪಿಸಿದನು. ಅದನ್ನು ಸಹಿಸದ ರಾಣಿಯು ಒಬ್ಬ ಜಟ್ಟಿಯನ್ನು ನೇಮಿಸಿ, ಸ್ನಾನದ ಸಮಯದಲ್ಲಿ ಹುಡುಗನ ಕತ್ತಿನ ಕೀಲು ತಪ್ಪಿಸಿ ಕೊಲ್ಲಿಸಿದಳು.

ಕಥೆಗೆ ಎರಡನೇ ರೂಪವೂ ಇದೆ. 1763ರ ಆರಂಭದಲ್ಲಿ ಹೈದರ್ ಅಲಿಯು ಚಿತ್ರದುರ್ಗದ ಸೀಮೆಯಲ್ಲಿದ್ದಾಗ ಅಲ್ಲಿನ ಪಾಳೆಯಗಾರ ಮದಕರಿ ನಾಯಕನು ಒಬ್ಬ ಯುವಕನನ್ನು ಅವನ ಮುಂದೆ ತಂದು ನಿಲ್ಲಿಸಿದನು. ತಾನೇ ಚೆನ್ನಬಸಪ್ಪ ನಾಯಕ, ಕೊಲ್ಲಬೇಕಾಗಿದ್ದ ಜಟ್ಟಿಯೇ ಕನಿಕರಪಟ್ಟು ತನ್ನನ್ನು ಉಳಿಸಿದ, ಸುಮಾರು ಐದು ವರ್ಷ ಮನೆಯಲ್ಲಿ ಬಚ್ಚಿಟ್ಟು ಸಾಕಿದ ಎಂಬುದು ಯುವಕನ ವಾದ. ಪಟ್ಟವನ್ನು ಮರಳಿ ಕೊಡಿಸಬೇಕೆಂಬುದು ಅವನ ಬೇಡಿಕೆ. ಹೈದರನ ಪಾಳೆಯದಲ್ಲಿ ಅವನಿಗೆ ಗೈಬು ರಾಜ, ಅಂದರೆ ಮಾಯವಾಗಿದ್ದ ರಾಜ, ಎಂಬ ಅಡ್ಡಹೆಸರು ಬಿತ್ತು.

ಮೂರನೆಯ ವಾದ ಎರಡನ್ನೂ ಅಲ್ಲಗಳೆಯುತ್ತದೆ. ಯುವ ಅರಸನದು ಸಹಜ ಸಾವು, ಕೊಲೆಯ ಕಥೆಯನ್ನು ಶತ್ರುಗಳು ಕಟ್ಟಿದರು, ಬಂದ ಯುವಕ ವೇಷಧಾರಿ ಎಂಬುದು ಈ ಪಕ್ಷ. ಕೆಳದಿಯ ಇತಿಹಾಸವನ್ನು ಚಂಪೂ ರೂಪದಲ್ಲಿ ಬರೆದ ಲಿಂಗಣ್ಣ ಕವಿಯ ಕೆಳದಿನೃಪವಿಜಯವು ರಾಣಿಯನ್ನು ಕೊಲೆಗಾತಿಯಾಗಿ ಚಿತ್ರಿಸುವುದಿಲ್ಲ ಎಂಬುದು ಈ ವಾದದ ಬಲ. ಕವಿಯು ಅರಮನೆಯ ಪಕ್ಷದವನು, ಒಡೆಯರ ಕಳಂಕವನ್ನು ಬರೆಯಲಾರ ಎಂಬುದು ಅದರ ದೌರ್ಬಲ್ಯ.

ಮಲೆನಾಡಿನತ್ತ ಹೈದರನ ದಂಡು

ಚಿತ್ರದುರ್ಗಕ್ಕೂ ಬಿದನೂರಿಗೂ ಇದ್ದ ದ್ವೇಷ ಹಳೆಯದು. ಕಡೂರು, ಬೀರೂರು, ಹಿರೇನಲ್ಲೂರು, ಅಜ್ಜಂಪುರಗಳ ಬಯಲು ಒಂದೆಡೆ ದುರ್ಗದ ಸೀಮೆಗೂ ಇನ್ನೊಂದೆಡೆ ತರೀಕೆರೆಯ ಆಚೆಯ ಮಲೆನಾಡಿಗೂ ತೆರೆದುಕೊಂಡಿದೆ. ಈ ಬಯಲಿಗೂ ಅದರ ಉತ್ತರದ ಸೀಮೆಗೂ ಪಾಳೆಯಗಾರರ ಜಗಳಗಳು ನಿತ್ಯದ ಕಾಟವಾಗಿದ್ದವು. 1740ರ ದಶಕದಲ್ಲಿ ಮಾಯಕೊಂಡದಲ್ಲಿ ನಡೆದ ಕದನದಲ್ಲಿ ದುರ್ಗದ ನಾಯಕನೊಬ್ಬನು ಬಿದನೂರು ಮತ್ತು ಅದರ ಮಿತ್ರಪಡೆಗಳ ವಿರುದ್ಧ ಹೋರಾಡಿ ಮಡಿದಿದ್ದನು. ಯುವಕನನ್ನು ಹೈದರನ ಬಳಿಗೆ ತಂದ ಕೈ ಯಾವುದೆಂಬುದನ್ನು ಈ ಹಿನ್ನೆಲೆಯಲ್ಲಿ ಗಮನಿಸಬೇಕು.

ಹೈದರನಿಗೂ ಬಿದನೂರಿನ ಸಂಪತ್ತಿನ ಮೇಲೆ ಕಣ್ಣಿತ್ತು. ಕೊರತೆ ಇದ್ದದ್ದು ಒಂದು ನೆಪಕ್ಕೆ ಮಾತ್ರ. ದಂಡು ಶಿವಮೊಗ್ಗ, ಕುಂಸಿ, ಅನಂತಪುರಗಳ ಮಾರ್ಗವಾಗಿ ಮುಂದುವರಿಯಿತು. ಹಣ ಕೊಟ್ಟು ಸಂಧಿ ಮಾಡಿಕೊಳ್ಳಲು ರಾಣಿಯು ನಡೆಸಿದ ಪ್ರಯತ್ನಗಳು ಫಲಿಸಲಿಲ್ಲ. ಕುಂಸಿಯಲ್ಲಿ ಸೆರೆಯಲ್ಲಿದ್ದ ಬಿದನೂರಿನ ಹಿಂದಿನ ಮಂತ್ರಿಯೊಬ್ಬನು ಹೈದರನ ಕೈಗೆ ಸಿಕ್ಕು, ಕಾಡಿನ ನಡುವೆ ರಾಜಧಾನಿಗೆ ಹೋಗುವ ಗುಪ್ತ ದಾರಿಯನ್ನು ತೋರಿದನು. 1763ರ ಮಾರ್ಚ್ ತಿಂಗಳಲ್ಲಿ ಬಿದನೂರು ಬಿದ್ದಿತು. ಅರಮನೆಗೆ ಬೆಂಕಿಯಿಡಲು ಆಜ್ಞೆಯಿತ್ತು ರಾಣಿಯು ಬಲ್ಲಾಳರಾಯನದುರ್ಗಕ್ಕೆ ಪಲಾಯನ ಮಾಡಿದಳು. ಇಂದಿನ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಆ ಬೆಟ್ಟದ ಕೋಟೆಯೂ ಆಕೆಯನ್ನು ಕಾಯಲಿಲ್ಲ.

ಹೈದರನಿಗೆ ದೊರೆತ ನಿಧಿಯನ್ನು ವಿಲ್ಕ್ಸ್ 1 ಕೋಟಿ 20 ಲಕ್ಷ ಪೌಂಡ್ ಎಂದು ಅಂದಾಜಿಸಿದ್ದಾನೆ. ಲೆಕ್ಕ ಉತ್ಪ್ರೇಕ್ಷೆಯೆನಿಸಿದರೂ, ಹೈದರನ ಮುಂದಿನ ಏಳಿಗೆಗೆ ಬಿದನೂರಿನ ಬೊಕ್ಕಸವೇ ಅಡಿಗಲ್ಲು ಎಂಬುದರಲ್ಲಿ ಅನುಮಾನವಿಲ್ಲ. ಅವನು ಊರಿಗೆ ಹೈದರ್‌ನಗರವೆಂದು ಹೆಸರಿಟ್ಟನು, ತನ್ನ ಹೆಸರಿನಲ್ಲಿ ನಾಣ್ಯ ಟಂಕಿಸಿದನು.

ಫಿರ್ಯಾದಿಗೂ ಆರೋಪಿಗೂ ಒಂದೇ ಸೆರೆಮನೆ

ಪ್ರಕರಣದ ಅತಿ ಮಹತ್ವದ ಸುಳಿವು ಇಲ್ಲಿದೆ. ಯಾರಿಗೆ ಪಟ್ಟ ಕೊಡಿಸುವ ಹೆಸರಿನಲ್ಲಿ ದಂಡಯಾತ್ರೆ ನಡೆಯಿತೋ, ಆ ಗೈಬು ರಾಜನಿಗೆ ಸಿಂಹಾಸನ ದೊರೆಯಲಿಲ್ಲ. ವೀರಮ್ಮಾಜಿ ಮತ್ತು ಬಾಲಕ ಸೋಮಶೇಖರನೊಡನೆ ಅವನನ್ನೂ ಮಧುಗಿರಿಯ ಕೋಟೆಗೆ ಸೆರೆಯಾಳಾಗಿ ಕಳುಹಿಸಲಾಯಿತು. ಯುವಕನ ಮಾತನ್ನು ಹೈದರನು ನಿಜವೆಂದು ನಂಬಿದ್ದನೇ ಇಲ್ಲವೇ ಎಂಬ ಪ್ರಶ್ನೆಗೆ ಬಿದನೂರು ಬಿದ್ದ ದಿನದಿಂದಲೇ ಅರ್ಥ ಉಳಿಯಲಿಲ್ಲ.

ತನಿಖೆಯ ಕಣ್ಣಿನಿಂದ ನೋಡಿದರೆ ಮೂರೂ ವಾದಗಳಲ್ಲಿ ತೊಡಕುಗಳಿವೆ. ಕೊಲೆ ನಡೆದಿತ್ತೆಂದರೆ ಬಂದ ಯುವಕ ಸುಳ್ಳುಗಾರ. ಯುವಕ ನಿಜವಾದವನೆಂದರೆ ಕೊಲೆ ನಡೆದೇ ಇಲ್ಲ, ಉಳಿಯುವುದು ಕೊಲೆಯ ಯತ್ನ ಮಾತ್ರ. ಎರಡನ್ನೂ ಒಟ್ಟಿಗೆ ನಂಬಲಾಗದು, ಆದರೆ ರಾಣಿಯನ್ನು ದೂಷಿಸುವವರು ಎರಡನ್ನೂ ಒಟ್ಟಿಗೆ ಬಳಸಿಕೊಂಡರು. ಇನ್ನು ಸಹಜ ಸಾವಿನ ವಾದಕ್ಕೂ ಒಂದು ಪ್ರಶ್ನೆ ಎದುರಾಗುತ್ತದೆ. ಯುವ ಅರಸನು ಇಲ್ಲವಾದುದರಿಂದ ಅಧಿಕಾರ ದೃಢವಾದದ್ದು ರಾಣಿಗೇ. ಉದ್ದೇಶವೂ ಅವಕಾಶವೂ ಆಕೆಗೆ ಇದ್ದವು ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಉದ್ದೇಶವೊಂದೇ ಸಾಕ್ಷ್ಯವಾಗದು.

ಅಧಿಕಾರ ಹಿಡಿದ ಹೆಣ್ಣನ್ನು ಶೀಲದ ಮಾತಿನಿಂದಲೇ ಕೆಡವುವುದು ಅರಮನೆಗಳ ಹಳೆಯ ವರಸೆ. ನಿಂಬಯ್ಯನ ಪ್ರಸಂಗವು ಆರೋಪಕ್ಕೆ ಕಾರಣವಾಗಿಯೂ ಪುರಾವೆಯಾಗಿಯೂ ಬಳಕೆಯಾದದ್ದನ್ನು ಓದುಗರು ಮರೆಯುವಂತಿಲ್ಲ. ವಿಲ್ಕ್ಸ್ ಬರೆದದ್ದು ಘಟನೆಯ ಅರ್ಧ ಶತಮಾನದ ಬಳಿಕ. ಆ ವೇಳೆಗೆ ಕೆಳದಿಯ ಪರವಾಗಿ ಮಾತನಾಡುವ ಅರಮನೆಯೇ ಇರಲಿಲ್ಲ.

ಸತ್ತನೆನ್ನಲಾದ ಅರಸುಮಗ ಮರಳಿ ಬಂದ ಇಂಥದೇ ಪ್ರಕರಣ ಬಂಗಾಳದ ಭವಾಲ್ ಜಮೀನ್ದಾರಿಯಲ್ಲಿಯೂ ನಡೆಯಿತು. 1909ರಲ್ಲಿ ಡಾರ್ಜಿಲಿಂಗ್‌ನಲ್ಲಿ ಸತ್ತನೆನ್ನಲಾದ ಕುಮಾರನೇ ತಾನೆಂದು ಸನ್ಯಾಸಿಯೊಬ್ಬ 1921ರಲ್ಲಿ ಹೇಳಿಕೊಂಡನು. ಢಾಕಾದ ನ್ಯಾಯಾಲಯದಿಂದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ನಡೆದ ಮೊಕದ್ದಮೆ 1946ರಲ್ಲಿ ಸನ್ಯಾಸಿಯ ಪರವಾಗಿ ಮುಗಿಯಿತು. ಅಲ್ಲಿ ಸಾಕ್ಷಿಗಳ ವಿಚಾರಣೆ ನಡೆಯಿತು, ದೇಹದ ಗುರುತುಗಳನ್ನು ಹೋಲಿಸಲಾಯಿತು. ಬಿದನೂರಿನಲ್ಲಿ ತೀರ್ಪಿತ್ತದ್ದು ಸೇನೆ.

ಸೆರೆಯಿಂದ ಬಿಡುಗಡೆ, ದಾರಿಯಲ್ಲಿ ಮರಣ

1767ರಲ್ಲಿ ಪೇಶ್ವೆ ಮಾಧವರಾಯನ ಮರಾಠಾ ಸೇನೆಯು ಮಧುಗಿರಿಯನ್ನು ಗೆದ್ದಾಗ ವೀರಮ್ಮಾಜಿಗೆ ಬಿಡುಗಡೆಯಾಯಿತು. ಪುಣೆಗೆ ಕರೆದೊಯ್ಯುವ ದಾರಿಯಲ್ಲಿ ಆಕೆ ಅಸುನೀಗಿದಳು. ಸೋಮಶೇಖರನು ತನ್ನ ಉಳಿದ ಬದುಕನ್ನು ಪುಣೆಯಲ್ಲಿ ಕಳೆದನು. ಕೆಳದಿಯ ಸಿಂಹಾಸನ ಮತ್ತೆ ಸ್ಥಾಪನೆಯಾಗಲಿಲ್ಲ.

ಆದರೂ ಮಾಯವಾದ ಅರಸನ ಕಥೆಯ ಶಕ್ತಿ ಕುಂದಲಿಲ್ಲ. 1830ರಲ್ಲಿ ಮೈಸೂರು ಸರ್ಕಾರದ ಕಂದಾಯದ ಹೊರೆಯಿಂದ ಬಳಲಿದ್ದ ನಗರ ಸೀಮೆಯ ರೈತರು ದಂಗೆಯೆದ್ದಾಗ, ಒಬ್ಬನು ಬೂದಿ ಬಸವಪ್ಪ ನಾಯಕನೆಂಬ ಹೆಸರಿನಲ್ಲಿ ಕೆಳದಿಯ ವಾರಸುದಾರನೆಂದು ಮುಂದೆ ಬಂದನು. ತರೀಕೆರೆಯ ಪಾಳೆಯಗಾರ ರಂಗಪ್ಪ ನಾಯಕನು ಅವನೊಡನೆ ಕೈಜೋಡಿಸಿದನು. ಆ ದಂಗೆಯೇ ನೆಪವಾಗಿ 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಕಸಿದುಕೊಂಡರು. ಬಿದನೂರಿನ ಗದ್ದುಗೆಗೆ ಹಕ್ಕು ಹೇಳಿ ಬಂದ ಇಬ್ಬರಿಗೂ ರಾಜ್ಯ ದಕ್ಕಲಿಲ್ಲ. ಎರಡು ಸಲವೂ ಲಾಭ ಪಡೆದವರು ಬೇರೆಯವರು.

ವೀರಮ್ಮಾಜಿಯು ನಿರಪರಾಧಿಯೆಂದು ಸಾರಲು ಲಭ್ಯ ಆಧಾರಗಳು ಸಾಲವು, ಅಪರಾಧಿಯೆಂದು ಸಾರಲೂ ಸಾಲವು. ಆಕೆಯನ್ನು ಕೊಲೆಗಾತಿಯೆಂದು ಬರೆಯುವ ಪಠ್ಯ ಅದು ಆರೋಪ ಮಾತ್ರ ಎಂಬ ಒಂದು ಸಾಲನ್ನಾದರೂ ಸೇರಿಸಬೇಕು. ಬದುಕಿದ್ದಾಗ ವಿಚಾರಣೆಯ ಅವಕಾಶವೇ ಸಿಗದ ರಾಣಿಗೆ ಇತಿಹಾಸವು ಸಲ್ಲಿಸಬಹುದಾದ ಕನಿಷ್ಠ ನ್ಯಾಯ ಅದು.