ಬಿಳಿ ಉಡುಪಿನ ಮೇಷ್ಟ್ರು ಜಿಗೊರೊ ಕಾನೊ

ಏಪ್ರಿಲ್ ತಿಂಗಳು ಬಂತೆಂದರೆ ನಮ್ಮ ಊರುಗಳ ಶಾಲಾ ಮೈದಾನಗಳಲ್ಲಿ, ಕಲ್ಯಾಣ ಮಂಟಪಗಳ ಮಹಡಿಗಳಲ್ಲಿ ಬೇಸಿಗೆ ಶಿಬಿರಗಳ ಭರಾಟೆ ಆರಂಭವಾಗುತ್ತದೆ. ಚಿತ್ರಕಲೆ, ಈಜು, ಚದುರಂಗಗಳ ಜೊತೆಗೆ ಕರಾಟೆಯೂ ಇರಲೇಬೇಕು. ಬಿಳಿ ಉಡುಪು ತೊಟ್ಟು, ಸೊಂಟಕ್ಕೆ ಪಟ್ಟಿ ಬಿಗಿದು, ಸಾಲಾಗಿ ನಿಂತು ಬಾಗಿ ವಂದಿಸುವ ಮಕ್ಕಳನ್ನು ಕಂಡು ಹೆತ್ತವರು ಹೆಮ್ಮೆ ಪಡುತ್ತಾರೆ. ಆದರೆ ಆ ಉಡುಪು, ಆ ಪಟ್ಟಿ, ಹಂತ ಹಂತವಾಗಿ ದರ್ಜೆ ಏರುವ ಆ ಕ್ರಮ ಇವೆಲ್ಲವೂ ಬಂದದ್ದು ಕರಾಟೆಯಿಂದಲ್ಲ, ಜೂಡೊದಿಂದ ಎಂಬುದು ಬಹಳ ಮಂದಿಗೆ ತಿಳಿಯದು. ಅದನ್ನು ರೂಪಿಸಿದವರು ವೃತ್ತಿಯಲ್ಲಿ ಯೋಧರೂ ಅಲ್ಲ, ಉಸ್ತಾದರೂ ಅಲ್ಲ. ಅವರೊಬ್ಬ ಶಾಲಾ ಮೇಷ್ಟ್ರು. ಹೆಸರು ಜಿಗೊರೊ ಕಾನೊ.

ಕಾನೊ ಹುಟ್ಟಿದ್ದು 1860ರಲ್ಲಿ, ಜಪಾನಿನ ಕೋಬೆ ನಗರದ ಸಮೀಪದ ಮಿಕಾಗೆ ಎಂಬ ಊರಿನಲ್ಲಿ. ಅಕ್ಕಿಯಿಂದ ತಯಾರಿಸುವ ‘ಸಾಕೆ’ ಎಂಬ ಮದ್ಯದ ವ್ಯಾಪಾರದಲ್ಲಿ ಹೆಸರು ಮಾಡಿದ ಅನುಕೂಲಸ್ಥ ಮನೆತನ ಅದು. ಒಂಬತ್ತರ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡ ಬಾಲಕನನ್ನು ತಂದೆ ಟೋಕಿಯೊಗೆ ಕರೆದೊಯ್ದು ಶಾಲೆಗೆ ಸೇರಿಸಿದರು. ಓದಿನಲ್ಲಿ ಮುಂದಿದ್ದ ಜಿಗೊರೊ ಇಂಗ್ಲಿಷ್ ಭಾಷೆಯನ್ನು ಚೆನ್ನಾಗಿ ಕಲಿತ. ಮೈಕಟ್ಟು ಮಾತ್ರ ತೀರಾ ಸಣ್ಣದು. ಪೂರ್ಣ ಬೆಳೆದ ಮೇಲೂ ಅವರ ಎತ್ತರ ಐದಡಿ ಎರಡಂಗುಲವನ್ನು ದಾಟಲಿಲ್ಲ. ಹದಿಹರೆಯದಲ್ಲಿ ತೂಕ ಸುಮಾರು 41 ಕಿಲೊ. ವಸತಿ ಶಾಲೆಯಲ್ಲಿ ಬಲಿಷ್ಠ ಹುಡುಗರು ಅವನನ್ನು ಹೊಡೆದು, ಬಡಿದು, ಗೋಳು ಹೊಯ್ದುಕೊಳ್ಳುತ್ತಿದ್ದರು. ಚಿಕ್ಕ ದೇಹದವನೂ ದೊಡ್ಡವನನ್ನು ಕೆಡವಬಲ್ಲ ಜುಜುತ್ಸು ಎಂಬ ವಿದ್ಯೆಯೊಂದಿದೆ ಎಂದು ಕೇಳಿದ ದಿನದಿಂದ ಅದನ್ನು ಕಲಿಯುವ ಹಂಬಲ ಅವನಲ್ಲಿ ಬೇರೂರಿತು.

ಆದರೆ ಕಲಿಸುವವರೇ ಇರಲಿಲ್ಲ. 1868ರ ಮೇಯ್ಜಿ ಕ್ರಾಂತಿಯ ನಂತರ ಸಮುರಾಯ್ ವರ್ಗ ಅಳಿದು, ಜಪಾನ್ ಪಾಶ್ಚಾತ್ಯ ಮಾದರಿಯ ಹಿಂದೆ ಓಡುತ್ತಿದ್ದ ಕಾಲವದು. ಹಳೆಯ ಕಾಳಗದ ವಿದ್ಯೆಗಳನ್ನು ಕೇಳುವವರಿಲ್ಲದೆ ಗುರುಗಳನೇಕರು ಮೂಳೆ ಕೂಡಿಸುವ ನಾಟಿ ವೈದ್ಯರಾಗಿ ಹೊಟ್ಟೆ ಹೊರೆಯುತ್ತಿದ್ದರು. ಇಂಥ ಹಳಸಲು ವಿದ್ಯೆ ಏತಕ್ಕೆಂದು ಮನೆಯ ಹಿರಿಯರೂ ಉತ್ತೇಜನ ಕೊಡಲಿಲ್ಲ. 1877ರಲ್ಲಿ ಟೋಕಿಯೊ ವಿಶ್ವವಿದ್ಯಾಲಯಕ್ಕೆ ಸೇರಿದ ಮೇಲೆ ಕಾನೊ ಇಂಥ ಮೂಳೆ ವೈದ್ಯರ ಮನೆಗಳನ್ನೇ ಹುಡುಕುತ್ತ ಅಲೆದು, ಕಡೆಗೆ ಹಚಿನೊಸುಕೆ ಫುಕುದಾ ಎಂಬ ಗುರುವನ್ನು ಕಂಡುಕೊಂಡರು.

ಫುಕುದಾ ಅವರ ಬೋಧನಾ ಕ್ರಮ ನಮ್ಮ ಹಳೆಯ ಗರಡಿ ಮನೆಗಳನ್ನು ನೆನಪಿಸುವಂಥದ್ದು. ಪಟ್ಟು ಹೇಗೆ ಹಾಕಬೇಕು, ಕಾಲು ಎಲ್ಲಿಡಬೇಕು ಎಂದು ಶಿಷ್ಯ ಕೇಳಿದರೆ ವಿವರಣೆಯಿಲ್ಲ. ಎತ್ತಿ ಒಗೆಯುವುದೇ ಉತ್ತರ. ಮತ್ತೆ ಕೇಳಿದರೆ ಮತ್ತೊಮ್ಮೆ ಒಗೆತ. ಬಿದ್ದು ಬಿದ್ದು ತಾನಾಗಿಯೇ ತಿಳಿಯಬೇಕು. ಮೈತುಂಬ ತರಚು ಗಾಯಗಳಿಗೆ ಲೇಪ ಹಚ್ಚಿಕೊಂಡು ತರಗತಿಗೆ ಬರುತ್ತಿದ್ದ ಈ ವಿದ್ಯಾರ್ಥಿಯನ್ನು ಕಂಡು ಸಹಪಾಠಿಗಳು ನಗುತ್ತಿದ್ದರು. ಕಾನೊ ಬಿಡಲಿಲ್ಲ. ಬಿದ್ದು ಕಲಿತದ್ದನ್ನು ಮುಂದೆ ತಮ್ಮ ಶಿಷ್ಯರಿಗೆ ಬಿಡಿಸಿ ಹೇಳಿ ಕಲಿಸಬೇಕೆಂಬ ಸಂಕಲ್ಪಕ್ಕೆ ಬೀಜ ಬಿದ್ದದ್ದು ಬಹುಶಃ ಇಲ್ಲಿಯೇ.

ಆ ಅಖಾಡದಲ್ಲಿ ಫುಕುಶಿಮಾ ಎಂಬ ಭಾರೀ ಆಳೊಬ್ಬನನ್ನು ಕೆಡವಲು ಕಾನೊಗೆ ಆಗುತ್ತಿರಲಿಲ್ಲ. ಸುಮೊ ಕುಸ್ತಿಯ ಪಟ್ಟುಗಳನ್ನು ಪ್ರಯತ್ನಿಸಿ ಸೋತ ಮೇಲೆ ಅವರು ಪಾಶ್ಚಾತ್ಯ ಕುಸ್ತಿಯ ಪುಸ್ತಕಗಳನ್ನು ಹುಡುಕಿದರು. ಎದುರಾಳಿಯ ತೊಡೆಗಳ ನಡುವೆ ತೋಳು ತೂರಿಸಿ, ಹೆಗಲ ಮೇಲೆ ಹೊತ್ತು ಉರುಳಿಸುವ ಪಟ್ಟೊಂದು ಅಲ್ಲಿ ಸಿಕ್ಕಿತು. ಅದರಿಂದ ಫುಕುಶಿಮಾ ನೆಲ ಕಂಡ. ಇಂದಿಗೂ ಅದು ಕಾತಾ ಗುರುಮಾ ಎಂಬ ಹೆಸರಿನಲ್ಲಿ ಜೂಡೊದ ಪಟ್ಟುಗಳ ಪಟ್ಟಿಯಲ್ಲಿದೆ. ಗ್ರಂಥಾಲಯದಿಂದ ಅಖಾಡಕ್ಕೆ ಪಟ್ಟು ತಂದವರು ಇತಿಹಾಸದಲ್ಲಿ ಬಹಳ ಮಂದಿ ಇರಲಾರರು.

ಫುಕುದಾ 1879ರಲ್ಲಿ ತೀರಿಕೊಂಡರು. ನಂತರ ಇನ್ನಿಬ್ಬರು ಗುರುಗಳ ಬಳಿ ಅಭ್ಯಾಸ ಮುಂದುವರಿಸಿದ ಕಾನೊ, ಎದುರಾಳಿಯ ಸಮತೋಲನವನ್ನು ಮೊದಲು ಕದಡಿ ಆನಂತರವೇ ಪಟ್ಟು ಹಾಕಬೇಕೆಂಬ ತತ್ವವನ್ನು ಕಂಡುಕೊಂಡರು. ನಿಂತವನನ್ನು ಬಲದಿಂದ ಕೆಡವುವುದು ಕಷ್ಟ, ಓಲಾಡುವವನನ್ನು ಕೆಡವಲು ಬೆರಳು ಸಾಕು. ಸಣ್ಣ ಮೈಯವರಿಗೆ ದೊರೆತ ಮರ್ಮ ಇದು.

1882ರ ಮೇ ತಿಂಗಳಲ್ಲಿ, ಇನ್ನೂ 21ರ ಹರೆಯದ ಕಾನೊ ಟೋಕಿಯೊದ ಎಯ್ಶೊಜಿ ಎಂಬ ಬೌದ್ಧ ದೇವಾಲಯದ ಕೋಣೆಯೊಂದರಲ್ಲಿ ಹನ್ನೆರಡು ಚಾಪೆ ಹಾಸಿ ತಮ್ಮದೇ ಶಾಲೆ ತೆರೆದರು. ಅದೇ ಕೊಡೊಕಾನ್. ಮೊದಲ ವರ್ಷ ಇದ್ದದ್ದು ಒಂಬತ್ತೇ ಶಿಷ್ಯರು. ಬೀಳುವ ದೇಹಗಳ ಸದ್ದಿಗೆ ದೇವಾಲಯ ನಡುಗಿ ಅಲ್ಲಿನ ಅರ್ಚಕರು ತಕರಾರು ತೆಗೆಯುತ್ತಿದ್ದರು. ಆರಂಭದ ವರ್ಷಗಳಲ್ಲಿ ಶುಲ್ಕವಿರಲಿಲ್ಲ. ಗಾಕುಶುಯಿನ್ ಶಾಲೆಯಲ್ಲಿ ಅಧ್ಯಾಪಕರಾಗಿ ದೊರೆಯುತ್ತಿದ್ದ ಸಂಬಳದಲ್ಲಿ, ರಾತ್ರಿ ಕುಳಿತು ಮಾಡಿದ ಅನುವಾದಗಳ ಗಳಿಕೆಯಲ್ಲಿ ಕಾನೊ ಅದನ್ನು ನಡೆಸಿದರು. ತಿಂಗಳ ಶುಲ್ಕ, ಉಡುಪಿನ ಶುಲ್ಕ, ಪಟ್ಟಿ ಬದಲಾದಾಗಲೆಲ್ಲ ಪರೀಕ್ಷಾ ಶುಲ್ಕ ಕಟ್ಟಿ ರೂಢಿಯಾದ ನಮ್ಮ ಪೋಷಕರಿಗೆ ಇದು ಸೋಜಿಗವೆನಿಸಬಹುದು.

ವಿದ್ಯೆಗೆ ಹೊಸ ಹೆಸರನ್ನೇ ಇಟ್ಟರು. ‘ಜುತ್ಸು’ ಎಂದರೆ ಕೌಶಲ. ‘ದೊ’ ಎಂದರೆ ಮಾರ್ಗ. ಕಾಳಗದ ಕೌಶಲವನ್ನು ಬದುಕಿನ ಮಾರ್ಗವಾಗಿಸುವುದು ಅವರ ಉದ್ದೇಶ. ಪ್ರಾಣಾಂತಿಕ ಹೊಡೆತಗಳನ್ನು ಸ್ಪರ್ಧೆಯಿಂದ ಹೊರಗಿಟ್ಟರು. ಎಲ್ಲಕ್ಕಿಂತ ಮೊದಲು ಪೆಟ್ಟಾಗದಂತೆ ಬೀಳುವ ಕ್ರಮವನ್ನು ಕಲಿಸಿದರು. ತಲೆ ನೆಲಕ್ಕೆ ತಾಗದಂತೆ ಗಲ್ಲವನ್ನು ಎದೆಗೆ ಒತ್ತಿ, ತೋಳಿನಿಂದ ಚಾಪೆಯನ್ನು ಬಡಿದು ಬೀಳುವ ಈ ಅಭ್ಯಾಸಕ್ಕೆ ಉಕೆಮಿ ಎಂದು ಹೆಸರು. ಎದುರಾಳಿಯನ್ನು ಕೆಡವುವುದು ಆನಂತರದ ಪಾಠ.

1883ರಲ್ಲಿ ಇಬ್ಬರು ಶಿಷ್ಯರಿಗೆ ಅವರು ಮೊದಲ ‘ದಾನ್’ ದರ್ಜೆ ನೀಡಿದರು. ಕೆಲ ವರ್ಷಗಳಲ್ಲಿ ದರ್ಜೆಯ ಗುರುತಾಗಿ ಕಪ್ಪು ಪಟ್ಟಿ ಬಳಕೆಗೆ ಬಂತು. ಇಂದು ಕಾಣುವ ಹಳದಿ, ಹಸಿರು, ನೀಲಿ ಪಟ್ಟಿಗಳು ಆನಂತರ ಯುರೋಪಿನ ಜೂಡೊ ಕೂಟಗಳ ಮೂಲಕ ಹರಡಿದಂಥವು. 1922ರಲ್ಲಿ ಓಕಿನಾವಾದ ಶಾಲಾ ಶಿಕ್ಷಕ ಗಿಚಿನ್ ಫುನಾಕೊಶಿ ಟೋಕಿಯೊಗೆ ಬಂದಾಗ ಅವರ ಕರಾಟೆಯ ಪ್ರದರ್ಶನವನ್ನು ಕೊಡೊಕಾನ್‌ನಲ್ಲಿ ಏರ್ಪಡಿಸಿದವರು ಕಾನೊ ಅವರೇ. ಬಿಳಿ ಉಡುಪು, ಪಟ್ಟಿ, ದಾನ್ ದರ್ಜೆಗಳನ್ನು ಕರಾಟೆ ಎರವಲು ಪಡೆದದ್ದು ಹೀಗೆ.

ಕೊಡೊಕಾನ್‌ನಲ್ಲಿ ವರ್ಷಕ್ಕೆರಡು ವಿಶೇಷ ಶಿಬಿರಗಳು ನಡೆಯುವ ಸಂಪ್ರದಾಯವುಂಟು. ಚಳಿಗಾಲದ ಕೊರೆವ ಮುಂಜಾವಿನಲ್ಲಿ ‘ಕಾಂಗೆಯ್ಕೊ’, ಬೇಸಿಗೆಯ ಉಗ್ರ ಸೆಖೆಯಲ್ಲಿ ‘ಶೊಚುಗೆಯ್ಕೊ’. ಒಂದು ದಿನವೂ ತಪ್ಪಿಸದೆ ಬಂದವರಿಗೆ ಪ್ರಮಾಣಪತ್ರ. ಯಾರು ಯಾರನ್ನು ಸೋಲಿಸಿದರು ಎಂಬುದಕ್ಕಲ್ಲ, ಹಾಜರಾತಿಗೆ ಅಲ್ಲಿ ಮನ್ನಣೆ.

ಕಾನೊ ಅವರ ಬದುಕಿನ ದೊಡ್ಡ ಪಾಲು ಕಳೆದದ್ದು ಅಖಾಡದಲ್ಲಲ್ಲ, ಶಾಲೆಗಳಲ್ಲಿ. ಕುಮಾಮೊತೊ ನಗರದ ಶಾಲೆಯ ಮುಖ್ಯಸ್ಥರಾಗಿದ್ದಾಗ ಲೇಖಕ ಲಾಫ್ಕಾಡಿಯೊ ಹರ್ನ್ ಅವರನ್ನು ಇಂಗ್ಲಿಷ್ ಅಧ್ಯಾಪಕರಾಗಿ ನೇಮಿಸಿಕೊಂಡರು. 1893ರಿಂದ 1920ರವರೆಗೆ, ನಡುವೆ ಕೆಲವು ವಿರಾಮಗಳನ್ನು ಬಿಟ್ಟರೆ, ಟೋಕಿಯೊದ ಉನ್ನತ ಶಿಕ್ಷಕರ ತರಬೇತಿ ಶಾಲೆಯ ಪ್ರಾಂಶುಪಾಲರು ಅವರೇ. ದೇಶದ ಉಪಾಧ್ಯಾಯರನ್ನು ತಯಾರು ಮಾಡುವ ಆ ಸಂಸ್ಥೆಯಲ್ಲಿ ಈಜು, ದೂರದ ಓಟಗಳಿಗೆ ಮಹತ್ವ ಕೊಟ್ಟರು. ಚೀನಾದಿಂದ ಬರುವ ವಿದ್ಯಾರ್ಥಿಗಳಿಗಾಗಿ ಅವರು ತೆರೆದ ಶಾಲೆಯಲ್ಲಿ ಮುಂದೆ ಮಹಾ ಲೇಖಕರಾದ ಲು ಶುನ್ ಓದಿದರು. ತಮ್ಮ ಮನೆಯಲ್ಲೇ ಹುಡುಗರಿಗೆ ವಸತಿಯಿತ್ತು, ನಸುಕಿನಲ್ಲಿ ಏಳುವುದು, ತಾವೇ ಕಸ ಗುಡಿಸುವುದು ಮುಂತಾದ ಕಟ್ಟುಪಾಡಿನಲ್ಲಿ ಬೆಳೆಸಿದರು. ಸಿರಿವಂತರ ಮಕ್ಕಳಿಗೂ ಪೊರಕೆ ತಪ್ಪುತ್ತಿರಲಿಲ್ಲ.

ಹೆಣ್ಣುಮಕ್ಕಳಿಗೆ ಕಲಿಸುವ ಕಾರ್ಯವನ್ನು 1890ರ ದಶಕದಲ್ಲೇ ಆರಂಭಿಸಿ, 1926ರಲ್ಲಿ ಕೊಡೊಕಾನ್‌ನಲ್ಲಿ ಪ್ರತ್ಯೇಕ ಮಹಿಳಾ ವಿಭಾಗ ತೆರೆದರು. ತಮ್ಮ ಮೊದಲ ಗುರುವಿನ ಮೊಮ್ಮಗಳು ಕೆಯ್ಕೊ ಫುಕುದಾಳನ್ನು ಸ್ವತಃ ಆಹ್ವಾನಿಸಿ ಆ ವಿಭಾಗಕ್ಕೆ ಸೇರಿಸಿದ್ದು ಗುರುಋಣದ ಸಂದಾಯವೆನ್ನಬೇಕು. ಅಮೆರಿಕದಲ್ಲಿ ನೆಲೆಸಿ ತೊಂಬತ್ತು ದಾಟಿದ ಮೇಲೂ ಜೂಡೊ ಕಲಿಸುತ್ತಿದ್ದ ಆಕೆ 2013ರಲ್ಲಿ ನಿಧನರಾದರು. ಭಾರತಕ್ಕೂ ಈ ವಿದ್ಯೆ ಬೇಗನೆ ಬಂತು. ರವೀಂದ್ರನಾಥ ಠಾಕೂರರ ಆಹ್ವಾನದ ಮೇರೆಗೆ ಕೊಡೊಕಾನ್‌ನ ಶಿಂಜೊ ತಾಕಾಗಾಕಿ 1929ರಲ್ಲಿ ಶಾಂತಿನಿಕೇತನಕ್ಕೆ ಬಂದು ಅಲ್ಲಿನ ವಿದ್ಯಾರ್ಥಿಗಳಿಗೆ ಜೂಡೊ ಕಲಿಸಿದರು.

1909ರಲ್ಲಿ ಕಾನೊ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಮೊದಲ ಏಷ್ಯನ್ ಸದಸ್ಯರಾದರು. 1912ರ ಸ್ಟಾಕ್‌ಹೋಂ ಕೂಟಕ್ಕೆ ಜಪಾನಿನ ಮೊದಲ ತಂಡ ಹೊರಟಾಗ ಅದರಲ್ಲಿದ್ದ ಕ್ರೀಡಾಪಟುಗಳು ಇಬ್ಬರೇ. ಇಷ್ಟಾದರೂ ತಮ್ಮ ಜೂಡೊವನ್ನು ಒಲಿಂಪಿಕ್ಸ್‌ಗೆ ಸೇರಿಸಲು ಅವರು ಉತ್ಸಾಹ ತೋರಲಿಲ್ಲ. ಶಕ್ತಿಯ ಸದ್ವಿನಿಯೋಗ ಮತ್ತು ಪರಸ್ಪರರ ಏಳಿಗೆ ಎಂಬ ಎರಡು ಸೂತ್ರಗಳ ಮೇಲೆ ನಿಂತ ಶಿಕ್ಷಣ ಪದಕದ ಬೇಟೆಯಾಗಿಬಿಡಬಾರದೆಂಬ ಅಳುಕು ಅವರಲ್ಲಿತ್ತು.

ಆ ಅಳುಕು ಸುಳ್ಳಾಗಲಿಲ್ಲ. ಜಪಾನಿನ ಶಾಲೆಗಳಲ್ಲಿ 1983ರಿಂದ ಮೂರು ದಶಕಗಳಲ್ಲಿ ಜೂಡೊ ಅಭ್ಯಾಸದ ವೇಳೆ ನೂರಕ್ಕೂ ಹೆಚ್ಚು ಮಕ್ಕಳು ಸಾವಿಗೀಡಾದದ್ದು ಬೆಳಕಿಗೆ ಬಂದಾಗ ಆ ದೇಶ ಬೆಚ್ಚಿಬಿತ್ತು. ಅನೇಕರ ಸಾವಿಗೆ ತಲೆಗೆ ಬಿದ್ದ ಪೆಟ್ಟೇ ಕಾರಣ. ಸರಿಯಾಗಿ ಬೀಳಲು ಕಲಿಯುವ ಮುನ್ನವೇ ಮಕ್ಕಳನ್ನು ಎತ್ತಿ ಒಗೆದ ತರಬೇತುದಾರರೂ ಇದ್ದರು. 2022ರಲ್ಲಿ ಅಲ್ಲಿನ ಜೂಡೊ ಒಕ್ಕೂಟ ಪ್ರಾಥಮಿಕ ಶಾಲಾ ಮಕ್ಕಳ ರಾಷ್ಟ್ರಮಟ್ಟದ ಪಂದ್ಯಾವಳಿಯನ್ನೇ ರದ್ದುಪಡಿಸಿತು. ಗೆಲುವೊಂದೇ ಗುರಿ ಎಂಬ ಹಿರಿಯರ ಹಟ ಮಕ್ಕಳನ್ನು ಹಾಳುಗೆಡವುತ್ತಿದೆ ಎಂಬುದು ಅದರ ಕಾರಣ. ಶಿಬಿರಕ್ಕೆ ಮಗುವನ್ನು ಸೇರಿಸುವ ಮುನ್ನ ಅಲ್ಲಿ ಮೊದಲ ವಾರ ಏನು ಕಲಿಸುತ್ತಾರೆ, ಕೆಳಗೆ ಏನು ಹಾಸಿದ್ದಾರೆ ಎಂದು ನಮ್ಮ ಪೋಷಕರೂ ವಿಚಾರಿಸುವುದು ಒಳಿತು. ಪಟ್ಟಿಯ ಬಣ್ಣ ಆಮೇಲೆ.

1940ರ ಒಲಿಂಪಿಕ್ಸನ್ನು ಟೋಕಿಯೊಗೆ ತರಲು ಕಾನೊ ಇಳಿವಯಸ್ಸಿನಲ್ಲಿ ದೇಶ ದೇಶ ಸುತ್ತಿದರು. ಅತ್ತ ಚೀನಾದೊಡನೆ ಯುದ್ಧ ಆರಂಭವಾಗಿದ್ದರೂ 1938ರ ಕೈರೊ ಸಭೆಯಲ್ಲಿ ಆತಿಥ್ಯವನ್ನು ಉಳಿಸಿಕೊಂಡು ಹಿಕಾವಾ ಮಾರು ಎಂಬ ಹಡಗಿನಲ್ಲಿ ಸ್ವದೇಶಕ್ಕೆ ಹೊರಟರು. ದಾರಿಯಲ್ಲಿ ನ್ಯುಮೋನಿಯಾ ತಗುಲಿ, ತವರು ಬಂದರು ಎರಡು ದಿನದ ದೂರದಲ್ಲಿರುವಾಗ, ಮೇ 4ರಂದು ಹಡಗಿನಲ್ಲೇ ಕೊನೆಯುಸಿರೆಳೆದರು. ವಯಸ್ಸು 77. ಎರಡು ತಿಂಗಳು ಕಳೆದು ಕೆಲವೇ ದಿನಗಳಲ್ಲಿ, ಯುದ್ಧದ ಕಾರಣದಿಂದ ಜಪಾನ್ ಸರ್ಕಾರ ಆ ಒಲಿಂಪಿಕ್ಸನ್ನು ಕೈಬಿಟ್ಟಿತು. ಟೋಕಿಯೊದಲ್ಲಿ ಒಲಿಂಪಿಕ್ಸ್ ನಡೆದದ್ದು, ಅದರಲ್ಲಿ ಜೂಡೊ ಮೊದಲ ಬಾರಿಗೆ ಸೇರಿದ್ದು 1964ರಲ್ಲಿ. ತೂಕದ ಮಿತಿಯಿಲ್ಲದ ವಿಭಾಗದ ಚಿನ್ನ ಗೆದ್ದವರು ಜಪಾನಿಗರಲ್ಲ, ಹಾಲೆಂಡಿನ ಆಂಟನ್ ಗೇಸಿಂಕ್. ಕಾನೊ ಕಡೆಯ ಬಾರಿ ಪಯಣಿಸಿದ ಹಡಗನ್ನು ಯೊಕೊಹಾಮಾ ಬಂದರಿನಲ್ಲಿ ವಸ್ತುಸಂಗ್ರಹಾಲಯವಾಗಿ ಉಳಿಸಿಕೊಳ್ಳಲಾಗಿದೆ.