ಮೆಟ್ಟಿಲು ಮೆಟ್ಟಿಲಾಗಿ ಆಹಾರಸಂಯಮ: ಆಚಾರ್ಯ ಶಾಂತಿಸಾಗರರ ಬದುಕು

ಬೆಳಗಾವಿ ಜಿಲ್ಲೆಯ ಭೋಜ ಗ್ರಾಮವು ದೂಧಗಂಗಾ ಮತ್ತು ವೇದಗಂಗಾ ನದಿಗಳ ಸಂಗಮದ ಬಳಿಯ ಊರು. ಇಪ್ಪತ್ತನೆಯ ಶತಮಾನದಲ್ಲಿ ದಿಗಂಬರ ಮುನಿಪರಂಪರೆಗೆ ಹೊಸ ಚೈತನ್ಯ ತುಂಬಿದ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರು ಬೆಳೆದದ್ದು ಇಲ್ಲಿಯೇ. 1872ರಲ್ಲಿ ತಾಯಿಯ ತವರಾದ ಯಳಗೂಡದಲ್ಲಿ ಜನಿಸಿದ ಅವರ ಪೂರ್ವಾಶ್ರಮದ ಹೆಸರು ಸಾತಗೌಡ. ತಂದೆ ಭೀಮಗೌಡ ಪಾಟೀಲ, ತಾಯಿ ಸತ್ಯವತಿ. ಒಕ್ಕಲುತನದ, ಶ್ರಾವಕ ಧರ್ಮದಲ್ಲಿ ದೃಢವಾದ ಮನೆತನ ಅದು.

ಶಾಂತಿಸಾಗರರ ಹೆಸರು ಕೇಳಿದೊಡನೆ ಭಕ್ತರ ನೆನಪಿಗೆ ಬರುವುದು ಅವರ ಉಪವಾಸಗಳು. ಸುಮಾರು 35 ವರ್ಷಗಳ ಮುನಿಜೀವನದಲ್ಲಿ ಅವರು 9,938 ಉಪವಾಸಗಳನ್ನು ಆಚರಿಸಿದರೆಂದು ಅವರ ಚರಿತ್ರೆಯನ್ನು ಬರೆದವರು ಲೆಕ್ಕವಿಟ್ಟಿದ್ದಾರೆ. ಈ ಸಂಖ್ಯೆ ಬೆರಗು ಹುಟ್ಟಿಸುತ್ತದೆ. ಆದರೆ ಬೆರಗು ಒಂದೇ ಆದರೆ ಅದು ಕೈಮುಗಿದು ದೂರ ನಿಲ್ಲುವಂತೆ ಮಾಡುತ್ತದೆ. ಆ ತಪಸ್ಸು ಯಾವ ಮೆಟ್ಟಿಲುಗಳ ಮೇಲೆ ಏರಿಬಂದಿತೆಂಬುದನ್ನು ನೋಡಿದಾಗ ಮಾತ್ರ ಅದು ಗೃಹಸ್ಥನಿಗೂ ದಾರಿಯಾಗುತ್ತದೆ.

ಅಂದಿನ ಪದ್ಧತಿಯಂತೆ ಸಾತಗೌಡರಿಗೆ ಒಂಬತ್ತನೆಯ ವಯಸ್ಸಿನಲ್ಲಿಯೇ ವಿವಾಹವಾಯಿತು. ಕೆಲವೇ ತಿಂಗಳುಗಳಲ್ಲಿ ಆ ಬಾಲಿಕೆ ತೀರಿಕೊಂಡಳು. ಮುಂದೆ ಮನೆಯವರು ಮರುವಿವಾಹದ ಮಾತೆತ್ತಿದಾಗ ಅವರು ಒಪ್ಪಲಿಲ್ಲ. ಹದಿನೆಂಟರ ಹೊತ್ತಿಗೆ ಮನಸ್ಸು ಮುನಿದೀಕ್ಷೆಯತ್ತ ವಾಲಿತ್ತು. ಆದರೆ ತಾವು ಬದುಕಿರುವವರೆಗೆ ಮನೆಯಲ್ಲಿಯೇ ಇರಬೇಕೆಂಬುದು ತಂದೆಯ ಬಯಕೆಯಾಗಿತ್ತು. ಮಗ ಆ ಮಾತನ್ನು ಮೀರಲಿಲ್ಲ. ಹೊಲಮನೆಯ ಕೆಲಸದಲ್ಲಿ ಇದ್ದುಕೊಂಡೇ ವ್ರತದ ಅಭ್ಯಾಸ ಮಾಡಿದರು. ಹೊಲದ ಕಾಳು ತಿನ್ನಲು ಬರುವ ಹಕ್ಕಿಗಳನ್ನು ಓಡಿಸದೆ, ಅವುಗಳಿಗೆ ಕುಡಿಯಲು ನೀರಿಡುತ್ತಿದ್ದರೆಂದು ಆ ಭಾಗದ ಜನ ನೆನೆಯುತ್ತಾರೆ. ಮುನಿಗಳು ಭೋಜಕ್ಕೆ ಬಂದಾಗ ಅವರನ್ನು ಹೆಗಲ ಮೇಲೆ ಹೊತ್ತು ನದಿ ದಾಟಿಸುತ್ತಿದ್ದರು. ಅನ್ನವನ್ನು ತೊರೆಯುವ ಮೊದಲು ಅವರು ಕಲಿತದ್ದು ಅನ್ನವನ್ನು ಹಂಚಿಕೊಳ್ಳುವುದನ್ನು.

ಸುಮಾರು 32ರ ವಯಸ್ಸಿನಲ್ಲಿ ಅವರು ಸಮ್ಮೇದ ಶಿಖರ್ಜಿಯ ಯಾತ್ರೆ ಕೈಗೊಂಡರು. ಆ ಪುಣ್ಯಭೂಮಿಯಲ್ಲಿ ತುಪ್ಪ ಮತ್ತು ಎಣ್ಣೆಗಳನ್ನು ಜೀವನಪರ್ಯಂತ ತ್ಯಜಿಸುವ ನಿಯಮ ತೆಗೆದುಕೊಂಡರು. ಊರಿಗೆ ಮರಳಿದ ಮೇಲೆ ದಿನಕ್ಕೆ ಒಂದೇ ಹೊತ್ತು ಊಟ ಮಾಡುವ ನಿಯಮ ಅದರೊಡನೆ ಸೇರಿತು. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ ಮತ್ತು ಉಪ್ಪು ಎಂಬ ಆರು ರಸಗಳಲ್ಲಿ ಕೆಲವನ್ನಾಗಲಿ ಎಲ್ಲವನ್ನಾಗಲಿ ಬಿಡುವುದು ರಸಪರಿತ್ಯಾಗ. ಬಾಹ್ಯ ತಪಸ್ಸುಗಳಲ್ಲಿ ಅದೂ ಒಂದು. ಸಾತಗೌಡರು ಆರನ್ನೂ ಒಂದೇ ದಿನ ಬಿಡಲಿಲ್ಲ. ಎರಡನ್ನು ಬಿಟ್ಟು, ಆ ಬಿಡುವಿಕೆಯನ್ನು ವರ್ಷಗಟ್ಟಲೆ ಬಾಳಿ ತೋರಿಸಿದರು. ತಂದೆತಾಯಿಯರು ತೀರಿಕೊಂಡ ಬಳಿಕ, ನಲವತ್ತನ್ನು ದಾಟಿದ ವಯಸ್ಸಿನಲ್ಲಿ, ಉತ್ತೂರಿನಲ್ಲಿ ದೇವೇಂದ್ರಕೀರ್ತಿ ಮುನಿಗಳಿಂದ ಕ್ಷುಲ್ಲಕ ದೀಕ್ಷೆ ಪಡೆದರು. ಮುಂದೆ 1920ರ ಸುಮಾರಿಗೆ ಬೆಳಗಾವಿ ಜಿಲ್ಲೆಯ ಯರನಾಳದಲ್ಲಿ ಮುನಿದೀಕ್ಷೆಯಾಯಿತು. ದೀಕ್ಷೆಯ ದಿನ ಅವರ ನಾಲಗೆಗೆ ಹೊಸದೇನೂ ಎದುರಾಗಲಿಲ್ಲ. ಅದು ಬಹುಕಾಲದಿಂದ ಪಳಗಿದ ನಾಲಗೆಯಾಗಿತ್ತು.

ಅವರ ನಿಜವಾದ ಪರೀಕ್ಷೆ ಎದುರಾದದ್ದು ದೀಕ್ಷೆಯ ನಂತರ. ಆ ಕಾಲದಲ್ಲಿ ಮುನಿಗಳ ಸಂಖ್ಯೆ ವಿರಳವಾಗಿತ್ತು. ಇದ್ದ ಕೆಲವರೂ ಮೊದಲೇ ಗೊತ್ತುಮಾಡಿದ ಮನೆಗೆ ಹೋಗಿ ಆಹಾರ ಸ್ವೀಕರಿಸುವ ರೂಢಿ ಬೆಳೆದಿತ್ತು. ಮುನಿಗಾಗಿಯೇ ಸಿದ್ಧಪಡಿಸಿದ ಆಹಾರವನ್ನು ಶಾಸ್ತ್ರವು ಉದ್ದಿಷ್ಟವೆಂದು ಕರೆದು ದೋಷವೆಂದು ಹೇಳುತ್ತದೆ. ಶಾಂತಿಸಾಗರರು ಇಂತಹ ಏರ್ಪಾಟಿಗೆ ಒಪ್ಪಲಿಲ್ಲ. ಮನಸ್ಸಿನಲ್ಲಿ ಸಂಕಲ್ಪ ತೊಟ್ಟು ಬೀದಿಯಲ್ಲಿ ನಡೆಯುವುದು, ಶ್ರಾವಕರು ವಿಧಿಪೂರ್ವಕವಾಗಿ ಎದುರುಗೊಂಡು ಕರೆದರೆ ಆಹಾರ, ಇಲ್ಲವಾದರೆ ಉಪವಾಸ ಎಂಬ ಹಳೆಯ ಚರ್ಯೆಯನ್ನು ಮತ್ತೆ ಹಿಡಿದರು. ಜನರಿಗೆ ಆ ವಿಧಿ ಮರೆತುಹೋಗಿತ್ತು. ಆದುದರಿಂದ ಆರಂಭದಲ್ಲಿ ಅವರು ಎಷ್ಟೋ ಸಲ ಬರಿಗೈಯಲ್ಲಿ ಹಿಂದಿರುಗಬೇಕಾಯಿತು. ಅವರು ಯಾರನ್ನೂ ದೂರಲಿಲ್ಲ, ನಿಯಮವನ್ನೂ ಸಡಿಲಿಸಲಿಲ್ಲ.

ಈ ಹಟವಿಲ್ಲದ ದೃಢತೆಯ ಫಲ ಮುನಿಯೊಬ್ಬರಿಗೆ ಮಾತ್ರ ಸೀಮಿತವಾಗಲಿಲ್ಲ. ಮುನಿಗೆ ಸಲ್ಲುವುದು ಅವರಿಗಾಗಿ ಮಾಡಿದ ವಿಶೇಷ ಅಡುಗೆಯಲ್ಲ, ಗೃಹಸ್ಥನು ತಾನು ಉಣ್ಣುವ ಶುದ್ಧ ಆಹಾರದ ಒಂದು ಪಾಲು. ಅಂದಮೇಲೆ ಆಹಾರದಾನದ ಪುಣ್ಯ ಬೇಕೆನ್ನುವ ಮನೆಯವರು ಮೊದಲು ತಮ್ಮ ನಿತ್ಯದ ಊಟವನ್ನೇ ಶುದ್ಧಗೊಳಿಸಿಕೊಳ್ಳಬೇಕು. ನೀರನ್ನು ಸೋಸಬೇಕು, ಧಾನ್ಯವನ್ನು ಕಣ್ಣಿಟ್ಟು ಆರಿಸಬೇಕು, ಹಗಲಿನಲ್ಲಿಯೇ ಅಡಿಗೆ ಮಾಡಬೇಕು, ರಾತ್ರಿಭೋಜನವನ್ನು ಬಿಡಬೇಕು. ಮುನಿಯು ಯಾವ ಮನೆಯ ಮುಂದೆ ನಿಲ್ಲುವರೋ ತಿಳಿಯದಾದಾಗ ಎಲ್ಲ ಮನೆಗಳೂ ಸಿದ್ಧವಾಗಿರಬೇಕಾಯಿತು. ಹೀಗೆ ಒಬ್ಬರ ವ್ರತ ಅನೇಕರ ಅಡುಗೆಮನೆಯನ್ನು ತಿದ್ದಿತು. 1924ರಲ್ಲಿ ಸಮಡೋಳಿಯಲ್ಲಿ ಅವರು ಆಚಾರ್ಯಪದವನ್ನು ಅಲಂಕರಿಸಿದರು. 1927ರಲ್ಲಿ ಸಂಘಸಮೇತರಾಗಿ ಸಮ್ಮೇದ ಶಿಖರ್ಜಿಯತ್ತ ವಿಹಾರ ಹೊರಟರು. ಅವರು ನಡೆದ ಹಾದಿಯಲ್ಲೆಲ್ಲ ಈ ಶಿಸ್ತು ಅವರೊಡನೆ ಸಾಗಿತು.

ಆಹಾರವನ್ನು ಅವರು ಶತ್ರುವೆಂದು ಬಗೆದವರಲ್ಲ. ಬಂಡಿ ಸಾಗಲು ಅಚ್ಚಿಗೆ ಎಷ್ಟು ಬೇಕೋ ಅಷ್ಟೇ ಎಣ್ಣೆ ಸವರುವಂತೆ, ಸಂಯಮಯಾತ್ರೆ ಸಾಗಲು ದೇಹಕ್ಕೆ ಆಹಾರ ಕೊಡಬೇಕೆಂದು ಜೈನಶಾಸ್ತ್ರ ಹೇಳುತ್ತದೆ. ಇದಕ್ಕೆ ಅಕ್ಷಮ್ರಕ್ಷಣ ವೃತ್ತಿಯೆಂದು ಹೆಸರು. ಒಕ್ಕಲುಮಗನಾಗಿ ಬೆಳೆದವರಿಗೆ ಈ ಉಪಮೆಯನ್ನು ಬೇರೆ ಯಾರೂ ವಿವರಿಸಬೇಕಾಗಿರಲಿಲ್ಲ. ಅಚ್ಚು ಒಣಗಿದರೆ ಬಂಡಿ ನಿಲ್ಲುತ್ತದೆ. ಎಣ್ಣೆ ಸುರಿದರೆ ಬಂಡಿ ಹೆಚ್ಚು ದೂರವೇನೂ ಹೋಗುವುದಿಲ್ಲ.

ಅಂತಿಮ ನಿರ್ಣಯದಲ್ಲಿಯೂ ಇದೇ ವಿವೇಕವಿತ್ತು. 83ರ ವಯಸ್ಸಿನಲ್ಲಿ ಅವರ ದೃಷ್ಟಿ ತೀರ ಮಂದವಾಯಿತು. ನಡೆಯುವಾಗ ನೆಲದ ಜೀವಿಗಳನ್ನು ಕಂಡು ಕಾಯುವುದು, ಕೈಗೆ ಬಂದ ಆಹಾರವನ್ನು ಪರೀಕ್ಷಿಸಿ ಸ್ವೀಕರಿಸುವುದು ಸಾಧ್ಯವಾಗದಾಯಿತು. ಅಹಿಂಸೆಯನ್ನು ಬಿಟ್ಟು ಉಣ್ಣುವುದಕ್ಕಿಂತ ಉಣ್ಣುವುದನ್ನೇ ಬಿಡುವುದು ಮೇಲೆಂದು ಬಗೆದು, 1955ರ ಆಗಸ್ಟ್ ತಿಂಗಳಲ್ಲಿ ಮಹಾರಾಷ್ಟ್ರದ ಕುಂಥಲಗಿರಿ ಸಿದ್ಧಕ್ಷೇತ್ರದಲ್ಲಿ ಸಲ್ಲೇಖನ ವ್ರತವನ್ನು ಕೈಗೊಂಡರು. ಆಚಾರ್ಯಪದವನ್ನು ಶಿಷ್ಯರಾದ ವೀರಸಾಗರ ಮುನಿಗಳಿಗೆ ವಹಿಸಿದರು. ಆರಂಭದ ದಿನಗಳಲ್ಲಿ ಆಗೊಮ್ಮೆ ಈಗೊಮ್ಮೆ ನೀರನ್ನು ಮಾತ್ರ ಸ್ವೀಕರಿಸಿ, ಬಳಿಕ ಅದನ್ನೂ ಬಿಟ್ಟರು. 36 ದಿನಗಳ ಆ ಸಾಧನೆ 1955ರ ಸೆಪ್ಟೆಂಬರ್ 18ರಂದು ಸಮಾಧಿಯಲ್ಲಿ ಪೂರ್ಣಗೊಂಡಿತು.

ತೀರ್ಥಂಕರ ಪ್ರಕೃತಿಗೆ ಕಾರಣವಾದ ಷೋಡಶ ಭಾವನೆಗಳಲ್ಲಿ ತಪಸ್ಸಿನ ಹಿಂದೆ ಶಕ್ತಿತಃ ಎಂಬ ಪದವನ್ನು ಆಚಾರ್ಯರು ಸೇರಿಸಿದ್ದಾರೆ. ಅವರವರ ಶಕ್ತಿಗೆ ತಕ್ಕಂತೆ ಎಂದು ಅದರ ಅರ್ಥ. ಶಕ್ತಿಯನ್ನು ಮೀರಿ ಮಾಡಿದ ತಪಸ್ಸು ಬಹುಬೇಗ ಮುರಿಯುತ್ತದೆ; ಶಕ್ತಿಯನ್ನು ಬಚ್ಚಿಟ್ಟುಕೊಂಡರೆ ತಪಸ್ಸು ಹುಟ್ಟುವುದೇ ಇಲ್ಲ. ಮುನಿಯ ಉಪವಾಸವನ್ನು ಗೃಹಸ್ಥನು ಅನುಕರಿಸಬೇಕಾಗಿಲ್ಲ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವುದು, ಹಸಿವೆಗಿಂತ ಒಂದೆರಡು ತುತ್ತು ಕಡಿಮೆ ಉಂಡು ಅವಮೌದರ್ಯವನ್ನು ಪಾಲಿಸುವುದು, ಅಷ್ಟಮಿ ಚತುರ್ದಶಿಗಳಂದು ಒಂದು ರಸವನ್ನು ಬಿಡುವುದು, ತಟ್ಟೆಯಲ್ಲಿ ಅನ್ನ ಉಳಿಸದಿರುವುದು ಅವನ ಶಕ್ತಿಗೆ ನಿಲುಕುವ ನಿಯಮಗಳು. ವಯಸ್ಸಾದವರೂ ರೋಗಿಗಳೂ ತಮ್ಮ ದೇಹಸ್ಥಿತಿಯನ್ನು ನೋಡಿಕೊಂಡೇ ನಿಯಮ ಹಿಡಿಯತಕ್ಕದ್ದು. ತುಪ್ಪ ಮತ್ತು ಎಣ್ಣೆಗಳನ್ನು ಬಿಟ್ಟು ಯಾತ್ರೆಯಿಂದ ಮರಳಿದ ಸಾತಗೌಡರು ಮರುದಿನವೂ ಹೊಲಕ್ಕೆ ಹೋಗುವ ರೈತರೇ ಆಗಿದ್ದರು. ಬದಲಾಗಿದ್ದುದು ಅವರ ತಟ್ಟೆ ಮಾತ್ರ. ಅಲ್ಲಿಂದಲೇ ಆಚಾರ್ಯ ಶಾಂತಿಸಾಗರರ ದಾರಿ ತೆರೆಯಿತು.